ಕೊಡಗಿನಿಂದ ಹೊರದೇಶದ ಕಾಕ್‌ಪಿಟ್‌ಗೆ: ಮೊದಲ ಪೈಲಟ್ ಕೆಲಸ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬಂದು, ಲಾಗ್‌ಬುಕ್‌ನಲ್ಲಿ 200ರಿಂದ 250 ಗಂಟೆ ತುಂಬಿಕೊಂಡು, ಮುಂದೇನು ಎಂದು ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯ ಮನೆಗಳಲ್ಲಿ ಕೂತಿರುವವರಿಗಾಗಿ ಈ ಪುಟ. ಲೈಸೆನ್ಸ್ ಪಡೆಯುವ ಬಗೆ ಇಲ್ಲಿಲ್ಲ. ಲೈಸೆನ್ಸ್ ಬಂದ ಮೇಲಿನ ಮಾತು ಮಾತ್ರ ಇದೆ.

200 ಗಂಟೆ ಹಾರಿದ್ದೇನೆ. ಹೊರದೇಶದಲ್ಲಿ ಕೆಲಸ ಸಿಗುತ್ತದೆಯೆ?

ಸಿಗುತ್ತದೆ, ಆದರೆ ನೀವು ಅಂದುಕೊಂಡ ವಿಮಾನದಲ್ಲಿ ಅಲ್ಲ, ಅಂದುಕೊಂಡ ದೇಶದಲ್ಲೂ ಅಲ್ಲ. ಹೊಸ ಪೈಲಟ್‌ಗೆ ಅಡ್ಡ ನಿಲ್ಲುವುದು ಮೂರು ಗೇಟು. ಆ ದೇಶದ ಲೈಸೆನ್ಸ್ ಒಂದು, ಅಲ್ಲಿ ದುಡಿಯುವ ಹಕ್ಕು ಇನ್ನೊಂದು, ವಿಮೆ ಕಂಪನಿ ಕೇಳುವ ಕನಿಷ್ಠ ಗಂಟೆ ಮೂರನೆಯದು. ಎಲ್ಲರೂ ಮೊದಲನೆಯದರ ಹಿಂದೆಯೇ ಬೀಳುತ್ತಾರೆ. ನಿಜವಾಗಿ ಬೀಗ ಬಿದ್ದಿರುವುದು ಎರಡನೆಯದಕ್ಕೆ. ಲೈಸೆನ್ಸನ್ನು ಓದಿ, ಹಾರಿ, ದುಡ್ಡು ಕಟ್ಟಿ ಪಡೆಯಬಹುದು. ವರ್ಕ್ ಪರ್ಮಿಟ್ ಕೊಡಬೇಕಾದದ್ದು ಆ ದೇಶ, ಅದೂ ಸ್ಥಳೀಯ ಪೈಲಟ್ ಸಿಗದಿದ್ದಾಗ ಮಾತ್ರ. 200 ಗಂಟೆಯ ಪೈಲಟ್‌ಗಳಿಗೆ ಯಾವ ಶ್ರೀಮಂತ ದೇಶದಲ್ಲೂ ಬರವಿಲ್ಲ.

ಆದ್ದರಿಂದ ಯಾವ ದೇಶದ ಹೆಸರು ಕೇಳಿದರೂ ಮೊದಲು ನೋಡಬೇಕಾದದ್ದು ಒಂದೇ: ನನ್ನಂಥ ವಿದೇಶಿ ಹೊಸಬನಿಗೆ ಅಲ್ಲಿ ಕಾನೂನುಬದ್ಧವಾಗಿ ಸಂಬಳ ಪಡೆಯುವ ದಾರಿ ಯಾವುದು? ಉತ್ತರ ಸಿಗದಿದ್ದರೆ ಆ ದೇಶಕ್ಕೆ ಲೈಸೆನ್ಸ್ ಬದಲಿಸಲು ಒಂದು ರೂಪಾಯಿಯೂ ಹಾಕಬೇಡಿ.

ಡಿಜಿಸಿಎ (ಭಾರತದ ವಿಮಾನಯಾನ ಪ್ರಾಧಿಕಾರ) ಕೊಟ್ಟ ಲೈಸೆನ್ಸ್ ಬೇರೆ ದೇಶದಲ್ಲಿ ನಡೆಯುತ್ತದೆಯೆ?

ಭಾರತದ ಲೈಸೆನ್ಸ್ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಕಾವೊದ ಮಾನದಂಡದ್ದು, ಹಾಗಾಗಿ ಬಹುತೇಕ ದೇಶಗಳು ಅದನ್ನು ಬುನಾದಿಯಾಗಿ ಒಪ್ಪುತ್ತವೆ. ಒಪ್ಪುವ ಬಗೆ ಎರಡು. ವ್ಯಾಲಿಡೇಷನ್ ಎಂದರೆ ನಿಮ್ಮ ಭಾರತದ ಲೈಸೆನ್ಸ್ ಮೇಲೆಯೇ ಸೀಮಿತ ಕಾಲದ ಅನುಮತಿ. ಕನ್ವರ್ಷನ್ ಎಂದರೆ ಆ ದೇಶದ್ದೇ ಹೊಸ ಲೈಸೆನ್ಸ್. ವ್ಯಾಲಿಡೇಷನ್ ಅಗ್ಗ, ಬೇಗ ಆಗುತ್ತದೆ. ಆದರೆ ಭಾರತದ ಲೈಸೆನ್ಸ್, ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಾಗ ಉಪಕರಣ ನೋಡಿ ಹಾರುವ ಅರ್ಹತೆ) ಅಥವಾ ಮೆಡಿಕಲ್ ಅವಧಿ ಮುಗಿದ ದಿನವೇ ಅದೂ ಬೀಳುತ್ತದೆ. ಲೈಸೆನ್ಸ್ ಅವಧಿಯನ್ನು 2023ರಲ್ಲಿ 5ರಿಂದ 10 ವರ್ಷಕ್ಕೆ ಏರಿಸಿದ್ದರಿಂದ ಆ ಚಿಂತೆ ಕಡಿಮೆಯಾಗಿದೆ. ರೇಟಿಂಗ್ ಮತ್ತು ಮೆಡಿಕಲ್ ಚಿಂತೆ ಹಾಗೇ ಇದೆ.

ಅಮೆರಿಕದ ವಿಷಯದಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ವಿದೇಶಿ ಲೈಸೆನ್ಸ್ ತೋರಿಸಿದರೆ ಅಲ್ಲಿಯ ವಿಮಾನಯಾನ ಪ್ರಾಧಿಕಾರ ಎಫ್‌ಎಎ 61.75 ನಿಯಮದಡಿ ಒಂದು ಸರ್ಟಿಫಿಕೇಟ್ ಕೊಡುತ್ತದೆ. ಅದು ಪ್ರೈವೇಟ್ ಪೈಲಟ್ ಮಟ್ಟದ್ದು. ಅದರ ಮೇಲೆ ಕೂಲಿಗೆ ಹಾರಿದರೆ ಅಪರಾಧ. ಅಲ್ಲಿ ಕಮರ್ಷಿಯಲ್ ಬೇಕಿದ್ದರೆ ಅವರ ಲಿಖಿತ ಪರೀಕ್ಷೆ, ಚೆಕ್‌ರೈಡ್ (ಹಾರಾಟದ ಪರೀಕ್ಷೆ) ಎಲ್ಲವನ್ನೂ ದಾಟಬೇಕು, ಸಾಮಾನ್ಯ ದಾರಿಯಲ್ಲಿ ಒಟ್ಟು 250 ಗಂಟೆಯೂ ಆಗಿರಬೇಕು. ನಮ್ಮಲ್ಲಿ 200ಕ್ಕೆ ಮುಗಿಸಿದವರು ಇಲ್ಲಿ ಮುಗ್ಗರಿಸುತ್ತಾರೆ.

ಯುರೋಪಿಗೆ?

ಯುರೋಪಿನ ವಿಮಾನಯಾನ ಪ್ರಾಧಿಕಾರ ಇಯಾಸಾದ ಲೈಸೆನ್ಸ್ ಬೇಕಾದರೆ ಎಟಿಪಿಎಲ್ (ಏರ್‌ಲೈನ್ ಪೈಲಟ್ ಲೈಸೆನ್ಸ್) ಥಿಯರಿಯ 13 ವಿಷಯಗಳನ್ನು ಮೊದಲಿನಿಂದ ಬರೆಯಬೇಕು. ಪಾಸಾಗಲು 75 ಶೇಕಡಾ ಬೇಕು, ಮೊದಲ ಪರೀಕ್ಷೆಯಿಂದ 18 ತಿಂಗಳೊಳಗೆ ಎಲ್ಲ ಮುಗಿಯಬೇಕು. ಕ್ಲಾಸ್ 1 ಮೆಡಿಕಲ್, ಅಂದರೆ ಕಮರ್ಷಿಯಲ್ ಪೈಲಟ್‌ನ ಆರೋಗ್ಯ ತಪಾಸಣೆ, ಮೊದಲ ಸಲ ಅವರ ಮಾನ್ಯ ಏರೋಮೆಡಿಕಲ್ ಕೇಂದ್ರದಲ್ಲೇ ಆಗಬೇಕು. ಬ್ರಿಟನ್ 2020ರ ಕೊನೆಗೆ ಆ ವ್ಯವಸ್ಥೆಯಿಂದ ಹೊರಬಂದಿದೆ, ಅಲ್ಲಿಗೆ ಬೇರೆಯೇ ಲೈಸೆನ್ಸ್. ಇಷ್ಟೆಲ್ಲ ಮಾಡಿದ ಮೇಲೂ ಜಾಹೀರಾತಿನ ಕೊನೆಯ ಸಾಲು ಓದಿ: ಯುರೋಪಿಯನ್ ಒಕ್ಕೂಟದಲ್ಲಿ ನಿರ್ಬಂಧವಿಲ್ಲದೆ ಬಾಳುವ, ದುಡಿಯುವ ಹಕ್ಕು ಇರಬೇಕು ಎಂದಿರುತ್ತದೆ. ಸಂಗಾತಿಯ ಕಡೆಯಿಂದಲೋ ಪೌರತ್ವದಿಂದಲೋ ಆ ಹಕ್ಕು ಇರುವವರಿಗೆ ಮಾತ್ರ ಈ ದಾರಿ.

ಗಲ್ಫ್? ಕಣ್ಣೂರಿನಿಂದ ನೇರ ವಿಮಾನವಿದೆಯಲ್ಲ!

ಪ್ರಯಾಣಿಕರಾಗಿ ಹೋಗಲು ಇದೆ. ದುಬೈ, ಅಬುಧಾಬಿ, ದೋಹಾದ ದೊಡ್ಡ ಕಂಪನಿಗಳು ವಿದೇಶಿಯರನ್ನು ಅನುಭವಕ್ಕಾಗಿ ತೆಗೆದುಕೊಳ್ಳುತ್ತವೆ. ಜೆಟ್ ಅಥವಾ ದೊಡ್ಡ ಟರ್ಬೊಪ್ರಾಪ್‌ನಲ್ಲಿ ಸಾವಿರಾರು ಗಂಟೆ ಕೇಳುತ್ತವೆ. ಶೂನ್ಯದಿಂದ ಕಲಿಸುವ ಕೆಡೆಟ್ ಯೋಜನೆಗಳು ಮುಖ್ಯವಾಗಿ ಅಲ್ಲಿನ ನಾಗರಿಕರಿಗೆ. ಗಲ್ಫ್ ನಿಮ್ಮ ಮೂರನೇ ಕೆಲಸವಾಗಬಹುದು. ಮೊದಲನೆಯದಲ್ಲ.

ಅಮೆರಿಕದಲ್ಲಿ ತರಬೇತಿ ಪಡೆದರೆ ಅಲ್ಲೇ ಕೆಲಸ ಮಾಡಬಹುದೆ?

ಸ್ವಲ್ಪ ಕಾಲ, ಅದೂ ವೀಸಾ ಯಾವುದು ಎಂಬುದರ ಮೇಲೆ. ಫ್ಲೈಯಿಂಗ್ ಸ್ಕೂಲಿನ ಎಂ-1 ವೀಸಾದಲ್ಲಿ ನಾಲ್ಕು ತಿಂಗಳ ಓದಿಗೆ ಒಂದು ತಿಂಗಳ ಲೆಕ್ಕದಲ್ಲಿ ಪ್ರಾಯೋಗಿಕ ತರಬೇತಿ ಸಿಗುತ್ತದೆ, ಗರಿಷ್ಠ ಆರು ತಿಂಗಳು. ವಿಶ್ವವಿದ್ಯಾಲಯದ ಏವಿಯೇಷನ್ ಪದವಿಗೆ ಎಫ್-1ರಲ್ಲಿ ಹೋದರೆ ಓದು ಮುಗಿದ ಮೇಲೆ 12 ತಿಂಗಳು ದುಡಿಯಬಹುದು. ಅಷ್ಟರಲ್ಲಿ ಇನ್‌ಸ್ಟ್ರಕ್ಟರ್ ಆಗಿ ಗಂಟೆ ಕೂಡಿಸುವವರಿದ್ದಾರೆ. ಆದರೆ ಏರ್‌ಲೈನ್ ಸೇರಲು ಅಲ್ಲಿ ಸಾಮಾನ್ಯವಾಗಿ 1,500 ಗಂಟೆ ಬೇಕು. ಬಫಲೊ ಬಳಿ 2009ರಲ್ಲಿ ಆದ ಅಪಘಾತದ ನಂತರ ಬಂದ ಕಾನೂನು ಅದು, 2013ರಿಂದ ಜಾರಿಯಲ್ಲಿದೆ. 12 ತಿಂಗಳಲ್ಲಿ 250ರಿಂದ 1,500ಕ್ಕೆ ಏರುವುದು ಒಳ್ಳೆಯ ಹವೆಯ ಊರಿನಲ್ಲೂ ಏದುಸಿರು ಬರಿಸುವ ಕೆಲಸ. ಏರಿದರೂ ಆಮೇಲೆ ವೀಸಾ ಮುಗಿದಿರುತ್ತದೆ. ಇದನ್ನು ಗಂಟೆ ಗಳಿಸಿ ವಾಪಸು ಬರುವ ಯೋಜನೆ ಎಂದುಕೊಂಡರೆ ಲೆಕ್ಕ ಕೂಡುತ್ತದೆ. ಅಲ್ಲೇ ನೆಲೆಸುವ ಯೋಜನೆ ಎಂದುಕೊಂಡರೆ ಕೂಡುವುದಿಲ್ಲ.

ಆಸ್ಟ್ರೇಲಿಯಾದಲ್ಲಿ ಸಣ್ಣ ವಿಮಾನಗಳ ಕೆಲಸ ಇದೆಯಂತೆ?

ಇದೆ. ಡಾರ್ವಿನ್, ಕುನುನುರಾ, ಬ್ರೂಮ್ ಕಡೆ ಸೆಸ್ನಾ 206, 210ಗಳಲ್ಲಿ ಪ್ರವಾಸಿಗರನ್ನು, ಅಂಚೆಯನ್ನು, ದೂರದ ಹಳ್ಳಿಗಳ ಸಾಮಾನನ್ನು ಸಾಗಿಸುವ ಕೆಲಸ. ಅಲ್ಲಿಯ ಮಳೆಗಾಲ ನವೆಂಬರ್‌ನಿಂದ ಏಪ್ರಿಲ್, ಆಗ ಕೆಲಸ ಕಡಿಮೆ. ಒಣಗಾಲ ಶುರುವಾಗುವ ಮುನ್ನ, ಮಾರ್ಚ್‌ನಿಂದ ಮೇ ಹೊತ್ತಿಗೆ, ಚೀಫ್ ಪೈಲಟ್‌ಗಳು ಜನ ಹುಡುಕುತ್ತಾರೆ. ನಮ್ಮಲ್ಲಿ ರೊಬಸ್ಟಾ ಕೊಯ್ಲು ಮುಗಿದು ಒಣಗಿಸುವ ಹೊತ್ತು ಎಂದು ನೆನಪಿಡಿ, ಆಗ ನೀವು ತೋಟದಲ್ಲಿರಬಾರದು.

ಲೈಸೆನ್ಸ್ ಬದಲಿಸಲು ಮೊದಲು ಅಲ್ಲಿಯ ವಿಮಾನಯಾನ ಪ್ರಾಧಿಕಾರ ಕಾಸಾದಿಂದ ಎಆರ್‌ಎನ್ ಎಂಬ ಗುರುತಿನ ನಂಬರು, ಆಮೇಲೆ ಏರ್ ಲಾ ಮತ್ತು ಹ್ಯೂಮನ್ ಫ್ಯಾಕ್ಟರ್ಸ್ ಪರೀಕ್ಷೆ, ಅವರ ಮೆಡಿಕಲ್, ಫ್ಲೈಟ್ ಟೆಸ್ಟ್. ಏರ್‌ಪೋರ್ಟ್ ಒಳಗೆ ಓಡಾಡಲು ಭದ್ರತಾ ಕಾರ್ಡ್ ಬೇರೆ. ದುಡಿಯುವ ಹಕ್ಕಿಗೆ 2024ರಿಂದ ಒಂದು ಕಿಂಡಿ ತೆರೆದಿದೆ: 18ರಿಂದ 30 ವಯಸ್ಸಿನ ಭಾರತೀಯರಿಗೆ ವರ್ಕ್ ಅಂಡ್ ಹಾಲಿಡೇ ವೀಸಾ, ಸಬ್‌ಕ್ಲಾಸ್ 462. ವರ್ಷಕ್ಕೆ 1,000 ಜನಕ್ಕೆ ಮಾತ್ರ, ಲಾಟರಿ ಎತ್ತಿ ಆರಿಸುತ್ತಾರೆ. ಒಬ್ಬ ಮಾಲೀಕನ ಬಳಿ ಸಾಮಾನ್ಯವಾಗಿ ಆರು ತಿಂಗಳ ಮಿತಿ ಇರುವುದರಿಂದ, ತರಬೇತಿಗೆ ಖರ್ಚು ಮಾಡಬೇಕಾದ ಮಾಲೀಕ ಹಿಂದೆ ಮುಂದೆ ನೋಡುತ್ತಾನೆ. ಸಂದರ್ಶನದಲ್ಲಿ ಇದನ್ನು ಮುಚ್ಚಿಡಬೇಡಿ, ವೀಸಾ ನೋಡಿದಾಗ ತಿಳಿದೇ ತಿಳಿಯುತ್ತದೆ.

ಹಾಗಾದರೆ ಕಡಿಮೆ ಗಂಟೆಯವರು ನಿಜಕ್ಕೂ ಹೋಗುವುದು ಎಲ್ಲಿಗೆ?

ಆಫ್ರಿಕಾದ ದಕ್ಷಿಣ ಮತ್ತು ಪೂರ್ವಕ್ಕೆ. ಬೋಟ್ಸ್‌ವಾನಾದ ಮೌನ್, ನಮೀಬಿಯಾದ ವಿಂಡ್‌ಹುಕ್, ಟಾಂಜಾನಿಯಾದ ಅರುಷಾ ಮತ್ತು ದಾರ್ ಎಸ್ ಸಲಾಂ. ಸಫಾರಿ ಕ್ಯಾಂಪ್‌ಗಳಿಗೆ ಜನ, ಸಾಮಾನು ಸಾಗಿಸುವ ಸಣ್ಣ ಕಂಪನಿಗಳು ಇಲ್ಲಿ ದಶಕಗಳಿಂದ ಇವೆ. ಹೊಸಬರು ಗಂಟೆ ಗಳಿಸುವ ಜಾಗವೆಂದೇ ಮೌನ್ ಹೆಸರುವಾಸಿ. ಒಕವಾಂಗೊ ನದಿ ಸಮುದ್ರ ಸೇರದೆ ಮರಳುಗಾಡಿನಲ್ಲೇ ಹರಡಿ ಇಂಗುವ ಜೌಗುನಾಡು ಅದು. ಅಲ್ಲಿ ರಸ್ತೆಗಿಂತ ಮಣ್ಣಿನ ರನ್‌ವೇಯೇ ನಂಬಿಕೆಯದು. ಹತ್ತಿಪ್ಪತ್ತು ನಿಮಿಷದ ಹಾರಾಟ, ಇಳಿ, ಸಾಮಾನು ಇಳಿಸು, ಮತ್ತೆ ಏರು. ಸೆಸ್ನಾ 206, 210, ಜಿಎ8 ಏರ್‌ವ್ಯಾನ್‌ನಲ್ಲಿ ಶುರು. ಚೆನ್ನಾಗಿ ಹಾರಿದವರಿಗೆ ಮುಂದೆ ಸೆಸ್ನಾ 208 ಕ್ಯಾರವಾನ್. ಅದರದು ಟರ್ಬೈನ್ ಎಂಜಿನ್. ಮುಂದಿನ ಕೆಲಸದವರು ಲಾಗ್‌ಬುಕ್‌ನಲ್ಲಿ ಮೊದಲು ಹುಡುಕುವುದು ಆ ಟರ್ಬೈನ್ ಗಂಟೆಗಳನ್ನೇ.

ಸಫಾರಿಯ ಬಿರುಸಿನ ಕಾಲ ಜೂನ್‌ನಿಂದ ಅಕ್ಟೋಬರ್. ಅದಕ್ಕೆ ಮುಂಚೆ ಪೈಲಟ್ ತರಬೇತಿ ಮುಗಿಸಿರಬೇಕಾದ್ದರಿಂದ ಜನವರಿಯಿಂದ ಏಪ್ರಿಲ್ ನಡುವೆ ಹುಡುಕಾಟ ಜೋರಿರುತ್ತದೆ. ಇ-ಮೇಲ್ ಕಳಿಸಿ ಕೂತರೆ ಉತ್ತರ ಬರುವುದು ಕಡಿಮೆ. ಸ್ವತಃ ಹೋಗಿ, ಕಂಪನಿಗಳ ಆಫೀಸಿಗೆ ಒಂದೊಂದಾಗಿ ನಡೆದು, ಬಯೋಡೇಟಾ ಕೊಟ್ಟು, ವಾರಕ್ಕೊಮ್ಮೆ ಮುಖ ತೋರಿಸುವುದು ಅಲ್ಲಿಯ ರೂಢಿ. ಎರಡು ಮೂರು ತಿಂಗಳು ಕಾಯುವಷ್ಟು ದುಡ್ಡು, ವಾಪಸಾತಿಯ ಟಿಕೆಟ್ ಕೈಯಲ್ಲಿರಬೇಕು. ಅಲ್ಲಿ ಕುಳಿತಾಗ ಸಾಮಾನು ತುಂಬಿಕೊಡುವುದು, ಆಫೀಸಿನಲ್ಲಿ ನೆರವಾಗುವುದು ಎಂದು ಪುಕ್ಕಟೆ ಕೆಲಸ ಮಾಡಲು ಹೋಗಬೇಡಿ. ಸಂದರ್ಶಕ ವೀಸಾದಲ್ಲಿ ಸಂಬಳವಿಲ್ಲದ ದುಡಿಮೆಯೂ ದುಡಿಮೆಯೇ ಎಂದು ಅಧಿಕಾರಿಗಳು ಹೇಳಬಹುದು, ಆಮೇಲೆ ಪರ್ಮಿಟ್ ಅರ್ಜಿಗೆ ಅದೇ ಮುಳ್ಳು.

ಕಂಪನಿ ಒಪ್ಪಿದ ಮೇಲೆ ಆ ದೇಶದ ಏರ್ ಲಾ ಪರೀಕ್ಷೆ, ಮೆಡಿಕಲ್, ಚೆಕ್ ಫ್ಲೈಟ್. ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕುವುದು ಕಂಪನಿ, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಆ ಕಾಲ ಸಂಬಳವಿಲ್ಲದ ಕಾಲ. ಅಲ್ಲಿಯೂ ಸ್ಥಳೀಯ ಪೈಲಟ್‌ಗಳ ಸಂಖ್ಯೆ ಬೆಳೆಯುತ್ತಿದೆ, ಅವರಿಗೆ ಮೊದಲ ಆದ್ಯತೆ ಸಿಗುವುದು ನ್ಯಾಯವೂ ಹೌದು. ಹತ್ತು ವರ್ಷ ಹಿಂದೆ ಹೋದವರ ಅನುಭವವನ್ನು ಇವತ್ತಿನ ಲೆಕ್ಕಕ್ಕೆ ಹಿಡಿಯಬೇಡಿ.

ಆ ಚೆಕ್ ಫ್ಲೈಟ್‌ನಲ್ಲಿ ನಮ್ಮವರು ಎಡವುವುದು ಎಲ್ಲಿ?

ಬಿಸಿಯಲ್ಲಿ. ಮೌನ್ ಏರ್‌ಪೋರ್ಟ್ ಸಮುದ್ರ ಮಟ್ಟದಿಂದ ಸುಮಾರು 3,100 ಅಡಿ ಎತ್ತರದಲ್ಲಿದೆ, ಮಡಿಕೇರಿಗಿಂತ ಸ್ವಲ್ಪ ತಗ್ಗು. ಆದರೆ ಅಕ್ಟೋಬರಿನಲ್ಲಿ ಅಲ್ಲಿ 40 ಡಿಗ್ರಿ ಬಿಸಿಲು. ಆ ಎತ್ತರದಲ್ಲಿ ಐಎಸ್‌ಎ (ಲೆಕ್ಕಕ್ಕೆ ಹಿಡಿಯುವ ಮಾದರಿ ವಾತಾವರಣ) ಉಷ್ಣಾಂಶ ಸುಮಾರು 9 ಡಿಗ್ರಿ. ವ್ಯತ್ಯಾಸ 31, ಡಿಗ್ರಿಗೆ 120 ಅಡಿಯಂತೆ ಗುಣಿಸಿದರೆ 3,700 ಅಡಿ ಚಿಲ್ಲರೆ. ಎರಡನ್ನೂ ಕೂಡಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ಎಷ್ಟು ತೆಳುವಾಗಿದೆ ಎಂದು ಹೇಳುವ ಎತ್ತರ, 6,800 ಅಡಿ. ನೆಲದ ಮೇಲೆ ನಿಂತಿದ್ದರೂ ವಿಮಾನಕ್ಕೆ ತಾನು ಬ್ರಹ್ಮಗಿರಿ ಬೆಟ್ಟದ ನೆತ್ತಿಗಿಂತ ಮೇಲಿದ್ದೇನೆ ಅನ್ನಿಸುತ್ತಿರುತ್ತದೆ.

ಆಗ ಏನಾಗುತ್ತದೆ ಎಂದರೆ, ಟರ್ಬೊಚಾರ್ಜರ್ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ, ಒಟ್ಟು ಐದನೇ ಒಂದು ಪಾಲು ಹೋಯಿತು. ಏರ್‌ಸ್ಪೀಡ್ ಮುಳ್ಳು ಎಂದಿನ ಅಂಕಿಯನ್ನೇ ತೋರಿಸಿದರೂ ನಿಜವಾದ ವೇಗ ಪ್ರತಿ ಸಾವಿರ ಅಡಿಗೆ 2 ಶೇಕಡಾದಂತೆ ಹೆಚ್ಚಿರುತ್ತದೆ. ನೆಲ ಬೇಗ ಬೇಗ ಹಿಂದೆ ಓಡುವುದನ್ನು ನೋಡಿ ಹೊಸಬ ಅವಸರಪಟ್ಟು ಮೂಗು ಎತ್ತುತ್ತಾನೆ. ವಿಮಾನ ನೆಲದಿಂದ ನಾಲ್ಕಡಿ ಎದ್ದು, ಗ್ರೌಂಡ್ ಎಫೆಕ್ಟ್‌ನಲ್ಲಿ (ನೆಲದ ಹತ್ತಿರ ರೆಕ್ಕೆಗೆ ಸಿಗುವ ಹೆಚ್ಚಿನ ಆಸರೆ) ತೇಲಿ, ಮುಂದೆ ಏರಲಾರದೆ ಒದ್ದಾಡುತ್ತದೆ. ಹ್ಯಾಂಡ್‌ಬುಕ್ ಹೇಳಿದ ವೇಗ ಬರುವವರೆಗೆ ಕಾಯಬೇಕು. ರನ್‌ವೇಯ ಅರ್ಧದಲ್ಲಿ ಬೇಕಾದ ವೇಗದ 70 ಶೇಕಡಾ ಬಂದಿಲ್ಲದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸಬೇಕು. ಈ ಹಳೆಯ ಸೂತ್ರವನ್ನು ಪರೀಕ್ಷಕರು ಬಾಯಲ್ಲಿ ಕೇಳುತ್ತಾರೆ, ಹಾರಾಟದಲ್ಲೂ ನೋಡುತ್ತಾರೆ.

ಇನ್ನೊಂದು ಮಿಕ್ಸ್‌ಚರ್, ಅಂದರೆ ಎಂಜಿನ್‌ಗೆ ಹೋಗುವ ಗಾಳಿ, ಪೆಟ್ರೋಲ್ ಬೆರಕೆ. ತಗ್ಗುನಾಡಿನ ಶಾಲೆಗಳಲ್ಲಿ ಕಲಿತವರಿಗೆ ಟೇಕ್‌ಆಫ್ ಎಂದರೆ ಅದರ ಕೆಂಪು ನಾಬ್ ಪೂರ್ತಿ ಒಳಗೆ ಎಂಬ ಅಭ್ಯಾಸ. ಸೆಸ್ನಾ 172ಎಸ್ ಹ್ಯಾಂಡ್‌ಬುಕ್ಕೇ 3,000 ಅಡಿಗಿಂತ ಮೇಲಿನ ಮೈದಾನದಲ್ಲಿ ಹೊರಡುವ ಮುನ್ನ ಪೂರ್ಣ ಥ್ರಾಟಲ್‌ನಲ್ಲಿ ಗರಿಷ್ಠ ಆರ್‌ಪಿಎಂ ಬರುವಂತೆ ಲೀನ್ ಮಾಡಿ, ಅಂದರೆ ಪೆಟ್ರೋಲ್ ಪಾಲು ತಗ್ಗಿಸಿ ಎನ್ನುತ್ತದೆ. ಮಾಡದಿದ್ದರೆ ಮೊದಲೇ ಸೊರಗಿದ ಎಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿ ಮತ್ತಷ್ಟು ಶಕ್ತಿ ಹೋಗುತ್ತದೆ. ಹಾಗೆಯೇ ಇಳಿಯುವ ಮುನ್ನ ರನ್‌ವೇ ಮೇಲೆ ತಗ್ಗಿನಲ್ಲಿ ಒಂದು ಸುತ್ತು ಹಾರಿ ಆನೆ, ಜಿಂಕೆ ಇಲ್ಲವೆಂದು ನೋಡಿಕೊಳ್ಳುವುದು ಅಲ್ಲಿ ಮಾಮೂಲು. ಕಾಫಿ ತೋಟಕ್ಕೆ ಆನೆ ನುಗ್ಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೂಕದ ಮಾತೂ ಬರುತ್ತದೆ. ಸಣ್ಣ ವಿಮಾನದಲ್ಲಿ ಪೈಲಟ್‌ನ ಪ್ರತಿ ಕೆಜಿಯೂ ಸಾಮಾನಿನ ಲೆಕ್ಕದಿಂದ ಕಳೆಯುತ್ತದೆ, ಅದಕ್ಕೇ ಅರ್ಜಿಯಲ್ಲಿ ದೇಹತೂಕ ಕೇಳುತ್ತಾರೆ. ಹೊರಡುವ ಮುಂಚಿನ ತಿಂಗಳು ಪಂದಿಕರಿ, ಕಡಂಬಿಟ್ಟು ಸ್ವಲ್ಪ ಕಡಿಮೆ ಮಾಡಿದರೆ ತಪ್ಪಿಲ್ಲ.

ಎ320 ಟೈಪ್ ರೇಟಿಂಗ್ (ಆ ಮಾದರಿಯ ಜೆಟ್ ಹಾರಿಸುವ ಅರ್ಹತೆ) ಮಾಡಿಸಿಕೊಂಡು ಹೋದರೆ ಹೊರದೇಶದಲ್ಲಿ ಬೇಗ ಸಿಗುವುದಿಲ್ಲವೆ?

ಇಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ. ಜೆಟ್ ಕಂಪನಿ ಕೇಳುವುದು ಟೈಪ್ ರೇಟಿಂಗ್ ಜೊತೆಗೆ ಆ ವಿಮಾನದಲ್ಲಿ ಹಾರಿದ 500, 1,000 ಗಂಟೆ. ಸಿಮ್ಯುಲೇಟರಿನ ರೇಟಿಂಗ್ ಮಾತ್ರ ಇದ್ದವನು ಅವರ ಕಣ್ಣಿಗೆ ಹೊಸಬನೇ. ಬಳಸದ ರೇಟಿಂಗ್ ವರ್ಷ ಕಳೆದಂತೆ ಹಳಸುತ್ತದೆ, ಮತ್ತೆ ಸಿಮ್ಯುಲೇಟರ್ ಚೆಕ್‌ಗೆ ದುಡ್ಡು ಸುರಿಯಬೇಕು. ಭಾರತದ ಕಂಪನಿ ಆಯ್ಕೆ ಮಾಡಿ, ಬರಹದಲ್ಲಿ ಕೊಟ್ಟ ಮೇಲೆ ಮಾಡಿಸುವುದು ಬೇರೆ ಮಾತು. ದುಡ್ಡು ಕಟ್ಟಿ ಪ್ರಯಾಣಿಕರ ವಿಮಾನದಲ್ಲಿ ಗಂಟೆ ಕೊಳ್ಳಿ ಎನ್ನುವ ಯೋಜನೆಗಳಿಂದಂತೂ ದೂರವಿರಿ. ಕೊಂಡ ಗಂಟೆ ಮುಗಿದ ದಿನ ಆ ಸೀಟಿಗೆ ದುಡ್ಡು ಕೊಡುವ ಮತ್ತೊಬ್ಬ ಬಂದಿರುತ್ತಾನೆ.

ಲಾಗ್‌ಬುಕ್ ಹೇಗಿರಬೇಕು?

ಹೊಸಬನ ಆಸ್ತಿ ಎಂದರೆ ಅದೊಂದೇ, ಅದನ್ನೇ ಅಸಡ್ಡೆಯಿಂದ ಇಟ್ಟುಕೊಂಡಿರುತ್ತಾರೆ. ಭಾರತದಲ್ಲಿ ಗಂಟೆ–ನಿಮಿಷದಲ್ಲಿ ಬರೆದದ್ದನ್ನು ಹೊರದೇಶದ ಫಾರ್ಮಿಗೆ ದಶಮಾಂಶದಲ್ಲಿ ಹಾಕುವಾಗ 1:30 ಎಂಬುದು 1.5 ಆಗಬೇಕು. 1.3 ಎಂದು ಬರೆದವರಿದ್ದಾರೆ, ನೂರು ಸಾಲುಗಳಲ್ಲಿ ಅದು ಹತ್ತಾರು ಗಂಟೆಯ ತಪ್ಪು. ಸಿಮ್ಯುಲೇಟರ್ ಗಂಟೆಗಳನ್ನು ಒಟ್ಟಿಗೆ ಸೇರಿಸಬಾರದು, ಅದಕ್ಕೆ ಬೇರೆ ಕಾಲಂ. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತು ಹಾರಿದ್ದನ್ನು ಪಿಐಸಿ (ವಿಮಾನದ ಹೊಣೆ ಹೊತ್ತ ಪೈಲಟ್ ಆಗಿ ಹಾರಿದ ಗಂಟೆ) ಎಂದು ತೋರಿಸಬಾರದು. ಕ್ರಾಸ್‌ಕಂಟ್ರಿ ಎಂಬ ಪದಕ್ಕೂ ದೇಶಕ್ಕೊಂದು ಅರ್ಥ: ಎಫ್‌ಎಎ ಕಮರ್ಷಿಯಲ್‌ಗೆ ಲೆಕ್ಕ ಹಿಡಿಯುವುದು ಹೊರಟ ಜಾಗದಿಂದ 50 ನಾಟಿಕಲ್ ಮೈಲಿಗಿಂತ ಆಚೆ ಇಳಿದ ಹಾರಾಟವನ್ನು ಮಾತ್ರ. ಇಳಿಯದೆ ಸುತ್ತಿ ಬಂದದ್ದು ಅಲ್ಲಿ ಬರುವುದಿಲ್ಲ.

ಪ್ರತಿ ಪುಟದ ಕೆಳಗಿನ ಮೊತ್ತ ಮುಂದಿನ ಪುಟದ ಮೇಲಿನ ಸಾಲಿಗೆ ಹೊಂದಬೇಕು. ಪ್ರತಿ ಪುಟಕ್ಕೂ ಶಾಲೆಯ ಚೀಫ್ ಇನ್‌ಸ್ಟ್ರಕ್ಟರ್ ಸಹಿ, ಮೊಹರು ಬೇಕು. ಶಾಲೆಗಳು ಮುಚ್ಚುತ್ತವೆ, ಇನ್‌ಸ್ಟ್ರಕ್ಟರ್‌ಗಳು ಏರ್‌ಲೈನ್‌ಗೆ ಹೋಗುತ್ತಾರೆ. ಸಹಿ ಬಾಕಿ ಇಟ್ಟರೆ ಮುಂದೆ ಸಿಗುವುದಿಲ್ಲ. ಹೊಸ ಲಾಗ್‌ಬುಕ್‌ಗೆ ನಕಲು ಮಾಡಿದರೂ ಹಳೆಯದನ್ನು ಎಸೆಯಬೇಡಿ.

ಹಾರದೆ ಬರೆದ ಗಂಟೆಗೆ ನಮ್ಮ ಪೈಲಟ್‌ಗಳ ಬಾಯಲ್ಲಿ ‘ಪಾರ್ಕರ್ ಪೆನ್ ಗಂಟೆ’ ಎಂದು ಹೆಸರು. 2011ರಲ್ಲಿ ಭಾರತದಲ್ಲಿ ನಕಲಿ ಲೈಸೆನ್ಸ್ ಹಗರಣ ಹೊರಬಿದ್ದ ಮೇಲೆ ಹೊರದೇಶದವರೂ ನಮ್ಮ ಲಾಗ್‌ಬುಕ್‌ಗಳನ್ನು ಎರಡು ಸಲ ನೋಡುತ್ತಾರೆ. ವಿಮಾನದ್ದೇ ಹಾರಾಟದ ದಾಖಲೆಯಾದ ಟೆಕ್ ಲಾಗ್ ತರಿಸಿ ಹೋಲಿಸಿದರೆ ಮುಗಿಯಿತು.

ಕಾಗದಪತ್ರ ಏನೇನು, ಎಲ್ಲಿ ಮಾಡಿಸಬೇಕು?

ಮೊದಲು ಡಿಜಿಸಿಎ ಪರಿಶೀಲನಾ ಪತ್ರ. ಲೈಸೆನ್ಸ್ ಅಸಲಿ ಎಂದು ಡಿಜಿಸಿಎ ಆ ದೇಶದ ಪ್ರಾಧಿಕಾರಕ್ಕೆ ನೇರ ತಿಳಿಸಬೇಕು, ನಿಮ್ಮ ಕೈಯಲ್ಲಿ ಕೊಂಡುಹೋದದ್ದನ್ನು ಹಲವು ಕಡೆ ಒಪ್ಪುವುದಿಲ್ಲ. ಇದಕ್ಕೆ ವಾರಗಳು ಹಿಡಿಯುವುದರಿಂದ ಇದನ್ನೇ ಮೊದಲು ಶುರುಮಾಡಿ. 2025ರ ಫೆಬ್ರವರಿಯಿಂದ ಭಾರತದ ಪೈಲಟ್‌ಗಳಿಗೆ ಎಲೆಕ್ಟ್ರಾನಿಕ್ ಲೈಸೆನ್ಸ್ ಬಂದಿದೆ. ಮೊಬೈಲಿನಲ್ಲಿ ತೋರಿಸಿದ ಲೈಸೆನ್ಸ್ ಕಂಡು ಕಣ್ಣರಳಿಸುವ ಗುಮಾಸ್ತರು ಹೊರಗೆ ಇನ್ನೂ ಇದ್ದಾರೆ, ಬಣ್ಣದ ಮುದ್ರಿತ ಪ್ರತಿ ಜೊತೆಗಿರಲಿ.

ಹತ್ತನೇ ಮತ್ತು ಪಿಯುಸಿ ಅಂಕಪಟ್ಟಿಗಳಿಗೆ ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಹೊರದೇಶದಲ್ಲಿ ನಡೆಯುವ ದೃಢೀಕರಣ ಮುದ್ರೆ), ಎರಡೂ ಬೆಂಗಳೂರಿನಲ್ಲಿ ಆಗುತ್ತವೆ. ಬೋಟ್ಸ್‌ವಾನಾ, ನಮೀಬಿಯಾ, ಆಸ್ಟ್ರೇಲಿಯಾ ಅಪೊಸ್ಟಿಲ್ ಒಪ್ಪುವ ದೇಶಗಳು. ಯುಎಇ, ಕತಾರ್‌ಗೆ ಅದು ಸಾಲದು, ರಾಯಭಾರ ಕಚೇರಿಯ ಮೊಹರು ಬೇಕು. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ. ಪಾಸ್‌ಪೋರ್ಟ್‌ನಲ್ಲಿ ಊರಿನ ವಿಳಾಸವಿದ್ದು ನೀವು ಬೆಂಗಳೂರಿನಲ್ಲಿ ಇದ್ದರೆ ವಿಚಾರಣೆ ತಡವಾಗುತ್ತದೆ. ಮನೆಹೆಸರು ಒಂದು ಕಡೆ ಮೊದಲು, ಇನ್ನೊಂದು ಕಡೆ ಇನಿಶಿಯಲ್, ಮತ್ತೊಂದು ಕಡೆ ಇಲ್ಲವೇ ಇಲ್ಲ ಎಂಬಂತಿರುವುದು ಕೊಡವ, ಅರೆಭಾಷೆ ಗೌಡ ಕುಟುಂಬಗಳ ಮಕ್ಕಳಲ್ಲಿ ತುಂಬ ಸಾಮಾನ್ಯ. ಪಾಸ್‌ಪೋರ್ಟ್, ಲೈಸೆನ್ಸ್, ಅಂಕಪಟ್ಟಿ ಮೂರರಲ್ಲೂ ಹೆಸರು ಒಂದೇ ಅಕ್ಷರಸಾಲಿನಲ್ಲಿ ಇರುವಂತೆ ಮೊದಲೇ ಸರಿಪಡಿಸಿ. ಕೊನೆ ಗಳಿಗೆಯಲ್ಲಿ ಅಫಿಡವಿಟ್ ಹಿಡಿದು ಓಡಾಡುವುದು ನರಕ.

ಇಂಗ್ಲಿಷ್ ಪ್ರೊಫಿಷಿಯನ್ಸಿ ಲೆವೆಲ್ 4 ಆದರೆ ಮೂರು ವರ್ಷ, 5 ಆದರೆ ಆರು ವರ್ಷ, 6 ಆದರೆ ಮತ್ತೆ ಬರೆಯಬೇಕಿಲ್ಲ. ಕ್ಲಾಸ್ 1 ಮೆಡಿಕಲ್‌ನ ಫೈಲು ಪೂರ್ತಿ ನಕಲು ಇಟ್ಟುಕೊಳ್ಳಿ, ಇಸಿಜಿ, ಆಡಿಯೊಗ್ರಾಂ ಸಮೇತ.

ಹಳದಿ ಜ್ವರದ ಲಸಿಕೆ ಮರೆಯಬೇಡಿ. ಬೋಟ್ಸ್‌ವಾನಾದಲ್ಲಿ ಆ ರೋಗವಿಲ್ಲ. ಆದರೆ ಅಡಿಸ್ ಅಬಾಬಾ ಅಥವಾ ನೈರೋಬಿಯಲ್ಲಿ ವಿಮಾನ ಬದಲಿಸುವಾಗ 12 ಗಂಟೆ ಮೀರಿ ಕಾದರೆ ಮುಂದಿನ ದೇಶದವರು ಆ ಕಾರ್ಡ್ ಕೇಳಬಹುದು. ಕಾರ್ಡ್ ಇಲ್ಲದೆ ಅಲ್ಲಿಂದ ಭಾರತಕ್ಕೆ ಮರಳಿದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಅದು ಲೆಕ್ಕಕ್ಕೆ ಬರುತ್ತದೆ.

ಏಜೆಂಟ್ ಒಬ್ಬರು ಕೆಲಸ ಗ್ಯಾರಂಟಿ ಎನ್ನುತ್ತಿದ್ದಾರೆ. ನಂಬಬಹುದೆ?

ಗ್ಯಾರಂಟಿ ಎಂಬ ಮಾತೇ ಸಾಕು, ಎದ್ದು ಬನ್ನಿ. 1983ರ ಎಮಿಗ್ರೇಷನ್ ಕಾಯ್ದೆಯಂತೆ ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ಹುಡುಕಿ. ಅವರು ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷಗಳಲ್ಲಿ ಕೇಳಿದರೆ ಅದು ಸೇವಾ ಶುಲ್ಕವಲ್ಲ. ಆಮೇಲೆ ಆ ದೇಶದ ಸಿವಿಲ್ ಏವಿಯೇಷನ್ ಪ್ರಾಧಿಕಾರದ ಪಟ್ಟಿಯಲ್ಲಿ ಕಂಪನಿಗೆ ಏರ್ ಆಪರೇಟರ್ ಸರ್ಟಿಫಿಕೇಟ್ ಇದೆಯೆ ನೋಡಿ. ಅದಿಲ್ಲದ ಕಂಪನಿ ಪ್ರಯಾಣಿಕರನ್ನು ಒಯ್ಯುವಂತಿಲ್ಲ, ಒಯ್ದರೆ ಆ ಕಾಕ್‌ಪಿಟ್‌ನಲ್ಲಿ ನೀವು ಇರಬಾರದು. ಸಂದರ್ಶಕ ವೀಸಾದಲ್ಲೇ ಹೋಗಿ ಕೆಲಸಕ್ಕೆ ಸೇರಿ, ವೀಸಾ ಅಲ್ಲಿ ಬದಲಿಸೋಣ ಎನ್ನುವವರನ್ನು ನಂಬಬೇಡಿ. ಪಾಸ್‌ಪೋರ್ಟ್, ಮೂಲ ಲೈಸೆನ್ಸ್, ಲಾಗ್‌ಬುಕ್‌ಗಳನ್ನು ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ಅಲ್ಲಿ ಸಿಕ್ಕಿಹಾಕಿಕೊಂಡರೆ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಬಹುದು.

ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಾಗದ ಮೇಲೆ ಸಾಲ ಸಿಗುತ್ತದೆಯೆ?

ಕಷ್ಟ. ಜಮ್ಮಾ ಬಾಣೆಯ ಆರ್‌ಟಿಸಿಯಲ್ಲಿ ಪಟ್ಟೇದಾರರ ಹೆಸರಿನ ಜೊತೆ ಒಕ್ಕದ (ಮನೆತನದ) ಹಲವರ ಹೆಸರಿರುತ್ತದೆ. ಎಲ್ಲರ ಒಪ್ಪಿಗೆ, ಸಹಿ ಇಲ್ಲದೆ ಬ್ಯಾಂಕು ಅಡಮಾನಕ್ಕೆ ಒಪ್ಪುವುದಿಲ್ಲ. ಆ ಸಹಿಗಳಲ್ಲಿ ಒಂದು ಬೆಂಗಳೂರಿನಲ್ಲೂ ಇನ್ನೊಂದು ಕೆನಡಾದಲ್ಲೂ ಇರುತ್ತದೆ. ಹೊರಡುವುದಕ್ಕೆ ಒಂದು ವರ್ಷ ಮುಂಚೆ ಆರ್‌ಟಿಸಿ ತೆಗೆದು ನೋಡಿ. ಮುಖ್ಯ ಮಾತೆಂದರೆ, ಮೊದಲ ಕೆಲಸದ ಸಂಬಳದಲ್ಲಿ ತರಬೇತಿ ಸಾಲದ ಕಂತು ಕಟ್ಟಲಾಗುವುದಿಲ್ಲ. ಸಫಾರಿ ವಿಮಾನದ ಸಂಬಳದಲ್ಲಿ ಊಟ, ಬಾಡಿಗೆ ನಡೆದರೆ ದೊಡ್ಡದು. ಕಾಫಿ ಬೆಲೆ ಚೆನ್ನಾಗಿದೆ ಎಂದು ಎರಡು ವರ್ಷದ ಕಂತನ್ನು ತೋಟದ ತಲೆಗೆ ಕಟ್ಟಿದರೆ, ಬೆಲೆ ಬಿದ್ದ ವರ್ಷ ಎರಡೂ ಮುಳುಗುತ್ತವೆ.

ಸಂದರ್ಶನ ವಿಡಿಯೋದಲ್ಲಿ ಇದೆ, ನಮ್ಮೂರಲ್ಲಿ ಮಳೆ. ಏನು ಮಾಡಲಿ?

ಜೂನ್‌ನಿಂದ ಆಗಸ್ಟ್ ಎಂದರೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬಬೇಡಿ. ಹಿಂದಿನ ದಿನವೇ ಮೈಸೂರಿಗೆ ಇಳಿದು ಒಂದು ರೂಮು ಹಿಡಿಯುವುದು ಅಗ್ಗದ ವಿಮೆ. ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಸಮಯ) ಕೊಟ್ಟಿದ್ದರೆ ಐದೂವರೆ ಗಂಟೆ ಕೂಡಿಸಿ. ಬಯೋಡೇಟಾ ಒಂದೇ ಪುಟ: ಮೇಲೆ ಒಟ್ಟು ಗಂಟೆ, ಪಿಐಸಿ, ಮಲ್ಟಿ ಎಂಜಿನ್, ರಾತ್ರಿ, ಇನ್‌ಸ್ಟ್ರುಮೆಂಟ್, ಕೊನೆಯ 90 ದಿನ. ಆಮೇಲೆ ಲೈಸೆನ್ಸ್, ಮೆಡಿಕಲ್ ಮುಗಿಯುವ ತಾರೀಕು, ಪಾಸ್‌ಪೋರ್ಟ್ ದೇಶ, ಯಾವತ್ತಿನಿಂದ ಬರಬಲ್ಲಿರಿ. ತಾಳ್ಮೆ, ನಾಯಕತ್ವದ ಪ್ಯಾರಾಗಳನ್ನು ಯಾರೂ ಓದುವುದಿಲ್ಲ. ಜೀಪು ಓಡಿಸಲು, ಪಂಪು ಬಿಚ್ಚಿ ಜೋಡಿಸಲು ಬಂದರೆ ಅದನ್ನು ಬರೆಯಿರಿ. ಕಾಡಿನ ಮಣ್ಣಿನ ರನ್‌ವೇಗಳಿಗೆ ಹಾರುವ ಬುಷ್ ಕಂಪನಿಯ ಚೀಫ್ ಪೈಲಟ್‌ಗೆ ಅದು ಬೇಕಾದ ಮಾಹಿತಿ.

ಕಾಯುವ ಕಾಲದಲ್ಲಿ ಹಾರಾಟ ನಿಂತರೆ?

ಅದೇ ದೊಡ್ಡ ಅಪಾಯ. ಕೊನೆಯ ಹಾರಾಟ ಹದಿನಾಲ್ಕು ತಿಂಗಳ ಹಿಂದೆ ಎಂದಿದ್ದರೆ ಬಯೋಡೇಟಾ ಅಲ್ಲಿಗೇ ನಿಲ್ಲುತ್ತದೆ. ತಿಂಗಳಿಗೆ ಎರಡು ಗಂಟೆಯಾದರೂ ಮೈಸೂರು, ಜಕ್ಕೂರು ಕಡೆ ಹಾರಿ, ಇನ್‌ಸ್ಟ್ರುಮೆಂಟ್ ರೇಟಿಂಗ್ ವರ್ಷ ತಪ್ಪದಂತೆ ನವೀಕರಿಸಿ. ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಖರ್ಚು ಮಾಡಿ ಹಾರುವ ಬದಲು ಸಂಬಳಕ್ಕೆ ಹಾರಬಹುದು. ನಮ್ಮ ಅಭಿಪ್ರಾಯ ಕೇಳಿದರೆ, ಇಲ್ಲಿ 500 ಗಂಟೆ ಮಾಡಿಕೊಂಡು ಹೊರಗೆ ಹೋಗುವುದು 200ರಲ್ಲಿ ಹೋಗಿ ಅಲೆಯುವುದಕ್ಕಿಂತ ಜಾಣತನ. ಭಾರತದ ಏರ್‌ಲೈನ್‌ಗಳ ಅರ್ಜಿಯನ್ನೂ ಜೀವಂತವಾಗಿಡಿ.

ಕರಾರಿನಲ್ಲಿ ಏನು ನೋಡಬೇಕು?

ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಒಪ್ಪಂದ) ಎಷ್ಟು ವರ್ಷ, ನಡುವೆ ಬಿಟ್ಟರೆ ಕಟ್ಟಬೇಕಾದದ್ದು ತಿಂಗಳು ಕಳೆದಂತೆ ಇಳಿಯುತ್ತದೆಯೆ, ಕಂಪನಿಯೇ ತೆಗೆದುಹಾಕಿದರೂ ಕಟ್ಟಬೇಕೆ. ಪರ್ಮಿಟ್ ಬರುವವರೆಗೆ ಊಟ, ವಸತಿ ಯಾರದ್ದು. ಅಪಘಾತವಾದರೆ ಪೈಲಟ್ ವಿಮೆಯಲ್ಲಿ ಇದ್ದಾನೆಯೆ, ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ವ್ಯವಸ್ಥೆ ಇದೆಯೆ. ಗಂಟೆಗೆ ಸಂಬಳವೋ ತಿಂಗಳಿಗೋ. ಗಂಟೆ ಲೆಕ್ಕವಾದರೆ ಕನಿಷ್ಠ ಇಷ್ಟು ಎಂಬ ಸಾಲು ಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಉಪವಾಸ.

ಮನೆಯವರು ಕೇಳುತ್ತಿದ್ದಾರೆ: ಅಪಾಯವಿಲ್ಲವೆ?

ಇದೆ. ಒಂಟಿ ಎಂಜಿನ್, ಒಂಟಿ ಪೈಲಟ್, ಮಣ್ಣಿನ ರನ್‌ವೇ, ಮಾಲೀಕನ ಒತ್ತಡ ಇವು ಏರ್‌ಲೈನ್‌ಗಿಂತ ಹೆಚ್ಚಿನ ಅಪಾಯವೇ. ದೇಶದ ಸ್ಥಿತಿಯೂ ನೋಡಬೇಕು. ಇಂಡೋನೇಷ್ಯಾದ ಪಾಪುವಾದಲ್ಲಿ 2023ರ ಫೆಬ್ರವರಿಯಲ್ಲಿ ಸಣ್ಣ ವಿಮಾನದ ನ್ಯೂಜಿಲೆಂಡ್ ಪೈಲಟ್ ಒಬ್ಬರನ್ನು ಬಂಡುಕೋರರು ಒತ್ತೆ ಹಿಡಿದು, 2024ರ ಸೆಪ್ಟೆಂಬರಿನಲ್ಲಿ ಬಿಟ್ಟರು. ಹವೆ ಸರಿಯಿಲ್ಲ, ಭಾರ ಹೆಚ್ಚಿದೆ, ಹಾರುವುದಿಲ್ಲ ಎಂದು ಹೇಳಿದ ಪೈಲಟ್‌ನನ್ನು ಆ ಕಂಪನಿ ಹೇಗೆ ನಡೆಸಿಕೊಂಡಿತು ಎಂಬುದನ್ನು ಅಲ್ಲಿ ಈಗ ಹಾರುತ್ತಿರುವವರಿಂದ ಕೇಳಿ ತಿಳಿಯಿರಿ. ಸಂಬಳಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದು.

ಎರಡು ವರ್ಷ ಹಾರಿ ವಾಪಸು ಬಂದರೆ ಭಾರತದಲ್ಲಿ ಆ ಗಂಟೆಗಳಿಗೆ ಬೆಲೆ ಇದೆಯೆ?

ಇದೆ, ಕಾಗದ ಸರಿಯಿದ್ದರೆ. ಬಿಡುವ ದಿನವೇ ಚೀಫ್ ಪೈಲಟ್‌ನಿಂದ ವಿಮಾನದ ಮಾದರಿವಾರು ಗಂಟೆಗಳ ಪತ್ರ, ಲಾಗ್‌ಬುಕ್ ಪುಟಗಳಿಗೆ ಸಹಿ, ಅಪಘಾತ ಅಥವಾ ಶಿಸ್ತುಕ್ರಮ ಇಲ್ಲವೆಂಬ ಪತ್ರ ತನ್ನಿ. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಭಾರತದ ಕ್ಲಾಸ್ 1 ಮೆಡಿಕಲ್ ಮಾಡಿಸಿಕೊಂಡೇ ಹೋಗಿ. ಪುತ್ತರಿಗೆ ರಜೆ ಹಾಕಿ, ಮೆಡಿಕಲ್‌ಗೆ ಎರಡು ದಿನ ಬೆಂಗಳೂರಿಗೆ ಎತ್ತಿಡಿ.

ಹೊರಡುವ ದಿನ ಕೊಡಗಿನವರು ಬೇರೇನಾದರೂ ನೋಡಿಕೊಳ್ಳಬೇಕೆ?

ಎರಡು. ಕಣ್ಣೂರಿನಿಂದ ಹೊರಡುವುದಾದರೆ ಮಳೆಗಾಲದಲ್ಲಿ ಮಾಕುಟ್ಟ ರಸ್ತೆಯ ಸ್ಥಿತಿ ಕೇಳಿಕೊಂಡು ಹೊರಡಿ, ಮಣ್ಣು ಕುಸಿದರೆ ಸುತ್ತಿ ಹೋಗಬೇಕಾಗುತ್ತದೆ.

ಇನ್ನೊಂದು ಕಾಡತೂಸು. ಕೋವಿ ಪರವಾನಗಿಯಿಂದ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಏರ್‌ಪೋರ್ಟಿನ ಎಕ್ಸ್‌ರೇ ಯಂತ್ರಕ್ಕೆ ಗೊತ್ತಿಲ್ಲ. ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬಕ್ಕೆ ಬಳಸಿದ ಹಳೆಯ ಬ್ಯಾಗಿನ ಮೂಲೆಯಲ್ಲಿ ಒಂದು ಕಾಡತೂಸು ಉಳಿದಿದ್ದರೂ ಪೊಲೀಸ್ ಕೇಸು, ವಿಮಾನ ತಪ್ಪುವುದು ಖಂಡಿತ, ಮುಂದೆ ಪೊಲೀಸ್ ಕ್ಲಿಯರೆನ್ಸ್ ಕೇಳಿದಾಗಲೂ ಅದೇ ಎದುರು ಬರುತ್ತದೆ. ಹೊಸ ಬ್ಯಾಗು ಕೊಳ್ಳಿ. ಹಳೆಯದನ್ನೇ ಒಯ್ಯುವುದಾದರೆ ಪ್ರತಿ ಜೇಬನ್ನೂ ಮಗುಚಿ ಹಾಕಿ, ಅಜ್ಜನ ಓವರ್‌ಕೋಟಿನ ಜೇಬನ್ನೂ ಸೇರಿಸಿ.